ಬಾಗುವ ಸಾವಯವ ಸೌರಕೋಶಕ್ಕೆ ಪಾರದರ್ಶಕ ವಿದ್ಯುದ್ವಾರ: ಕಾಲೇಜು ಪ್ರಯೋಗಾಲಯದಲ್ಲೇ ಮಾಡಿಕೊಳ್ಳುವ ಬಗೆ

ಪ್ಲಾಸ್ಟಿಕ್ ಹಾಳೆಯ ಮೇಲೆ ಸೌರಕೋಶ ಮಾಡಲು ಹೊರಟ ಎಂ.ಎಸ್ಸಿ. ಅಥವಾ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಕೇಳುವುದು, ‘ಐಟಿಓ ಹಾಳೆ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು?’ ಎಂದು. (ಐಟಿಓ ಎಂದರೆ ಇಂಡಿಯಂ ಟಿನ್ ಆಕ್ಸೈಡ್, ವಿದ್ಯುತ್ ಹರಿಸುವ ಪಾರದರ್ಶಕ ಲೇಪನ.) ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ‘ನನ್ನ ಕೋಶದ ಅಗಲ ಎಷ್ಟು?’ ಎಂದು ಕೇಳಿಕೊಳ್ಳಬೇಕು. ಅದಕ್ಕೆ ಉತ್ತರ ಸಿಕ್ಕರೆ ಯಾವ ವಿದ್ಯುದ್ವಾರ ಸಾಕು, ಯಾವುದು ಸಾಲದು ಎಂಬುದು ಕಾಗದದ ಮೇಲೆಯೇ ಇತ್ಯರ್ಥವಾಗುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ಹೆಚ್ಚಿನ ಕಾಲೇಜುಗಳಲ್ಲಿ ಐಟಿಓ ಲೇಪಿಸುವ ಸ್ಪಟರಿಂಗ್ ಯಂತ್ರವಿಲ್ಲ. ಆ ಕಾರಣಕ್ಕೆ ಕೈಚೆಲ್ಲಬೇಕಾಗಿಲ್ಲ. ಹಾಳೆಯನ್ನು ವೇಗವಾಗಿ ತಿರುಗಿಸಿ ದ್ರವವನ್ನು ತೆಳುವಾಗಿ ಹರಡುವ ಒಂದು ಸ್ಪಿನ್ ಕೋಟರ್, ಒಂದು ಹಾಟ್‌ಪ್ಲೇಟ್ ಮತ್ತು ಭೌತಶಾಸ್ತ್ರ ವಿಭಾಗದ ಕಪಾಟಿನಲ್ಲಿರುವ ನಾಲ್ಕು ಸೂಜಿಗಳ ರೋಧಮಾಪಕ ಇದ್ದರೆ ಬಾಗುವ, ಬೆಳಕು ಬಿಡುವ, ವಿದ್ಯುತ್ ಹರಿಸುವ ಹಾಳೆಯನ್ನು ನೀವೇ ಮಾಡಿಕೊಳ್ಳಬಹುದು.

ವಿದ್ಯುದ್ವಾರದಿಂದ ನಮಗೆ ಬೇಕಾದದ್ದೇನು

ಸಾವಯವ ಸೌರಕೋಶದಲ್ಲಿ ಬೆಳಕನ್ನು ಹೀರುವುದು ಇಂಗಾಲಮೂಲದ ಅರೆವಾಹಕದ ಒಂದು ಪದರ. ಅದರ ದಪ್ಪ ಸುಮಾರು 100ರಿಂದ 200 ನ್ಯಾನೋಮೀಟರ್. ಅದರ ಹಿಂದೆ ಒಂದು ಲೋಹದ ವಿದ್ಯುದ್ವಾರ, ಮುಂದೆ ಒಂದು ಪಾರದರ್ಶಕ ವಿದ್ಯುದ್ವಾರ. 1986ರಲ್ಲಿ ಚಿಂಗ್ ಟಾಂಗ್ ಎರಡು ಸಾವಯವ ಪದರಗಳನ್ನು ಜೋಡಿಸಿ ಸುಮಾರು ಶೇ. 1ರಷ್ಟು ದಕ್ಷತೆ ತೋರಿಸಿದಾಗ ಮುಂಭಾಗದಲ್ಲಿ ಐಟಿಓ ಲೇಪಿಸಿದ ಗಾಜು ಇತ್ತು. ಅಂದಿನಿಂದ ಒಳಗಿನ ಪದರದ ರಸಾಯನವಿಜ್ಞಾನ ಬಹಳ ಮುಂದೆ ಹೋಗಿದೆ. 2019ರಲ್ಲಿ ವೈ6 ಎಂಬ ಹೊಸ ಅಣು ದಕ್ಷತೆಯನ್ನು ಶೇ. 15.7ಕ್ಕೆ ತಂದಿತು, ಈಗ ಶೇ. 19ನ್ನು ದಾಟಿದ ಕೋಶಗಳಿವೆ. ಆದರೂ ಬಹುಪಾಲು ದಾಖಲೆಗಳ ಮುಂಭಾಗದಲ್ಲಿ ಇರುವುದು ಅದೇ ಐಟಿಓ ಗಾಜು.

ಗಾಜಿನ ಮೇಲೆ ಐಟಿಓ ಚೆನ್ನಾಗಿ ಕೆಲಸ ಮಾಡುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟರೆ ಅದರ ಹರಳುಗಳು ಸರಿಯಾಗಿ ಜೋಡಿಸಿಕೊಂಡು ಹಾಳೆ ರೋಧ ಪ್ರತಿ ಚೌಕಕ್ಕೆ 10ರಿಂದ 15 ಓಮ್‌ಗೆ ಇಳಿಯುತ್ತದೆ. ಪಿಇಟಿ ಪ್ಲಾಸ್ಟಿಕ್ಕಿಗೆ ಆ ಶಾಖ ಕೊಡುವಂತಿಲ್ಲ. 70–80 ಡಿಗ್ರಿಯಲ್ಲೇ ಅದು ಮೆದುವಾಗತೊಡಗುತ್ತದೆ, 250 ಡಿಗ್ರಿಯ ಆಸುಪಾಸಿನಲ್ಲಿ ಕರಗಿಯೇ ಹೋಗುತ್ತದೆ. ಆದ್ದರಿಂದ ಪಿಇಟಿ ಮೇಲೆ ಸಿಗುವ ಐಟಿಓ ಸಾಮಾನ್ಯವಾಗಿ 40ರಿಂದ 60 ಓಮ್‌ನದು. ಜೊತೆಗೆ ಐಟಿಓ ಪಿಂಗಾಣಿಯ ಜಾತಿ. ಶೇ. 1–2ರಷ್ಟು ಹಿಗ್ಗಿಸಿದರೆ ಸಾಕು, ಅದರಲ್ಲಿ ಬಿರುಕು ಬಿಡುತ್ತದೆ. ಇಂಡಿಯಂ ಅಪರೂಪದ ಲೋಹ, ಮುಖ್ಯವಾಗಿ ಸತುವಿನ ಅದಿರಿನ ಉಪ ಉತ್ಪನ್ನವಾಗಿ ಸಿಗುತ್ತದೆ. ಬಾಗುವ ಕೋಶಕ್ಕೆ ಬೇರೆ ದಾರಿ ಹುಡುಕಬೇಕಾಗಿರುವುದು ಈ ಕಾರಣಗಳಿಗಾಗಿ.

ಹಾಳೆ ರೋಧದ ಬಗ್ಗೆ ಒಂದು ಮಾತು. ಒಂದೇ ದಪ್ಪದ ಪದರದಲ್ಲಿ ಚೌಕ ಕತ್ತರಿಸಿದರೆ, ಅದರ ಬದಿ ಒಂದು ಸೆಂಟಿಮೀಟರ್ ಇರಲಿ, ಒಂದು ಅಡಿ ಇರಲಿ, ಎದುರುಬದುರು ಅಂಚುಗಳ ನಡುವಿನ ರೋಧ ಒಂದೇ. ಉದ್ದ ಹೆಚ್ಚಿದಷ್ಟೇ ಅಗಲವೂ ಹೆಚ್ಚುವುದರಿಂದ ಹಾಗಾಗುತ್ತದೆ. ಅದಕ್ಕೇ ‘ಪ್ರತಿ ಚೌಕಕ್ಕೆ ಇಷ್ಟು ಓಮ್’ ಎನ್ನುತ್ತಾರೆ. ಪದರ ದಪ್ಪವಾದರೆ ಈ ರೋಧ ಇಳಿಯುತ್ತದೆ, ಬೆಳಕು ದಾಟುವುದೂ ಇಳಿಯುತ್ತದೆ. ಈ ಎಳೆದಾಟದಿಂದ ತಪ್ಪಿಸಿಕೊಂಡ ವಸ್ತು ಯಾವುದೂ ಇಲ್ಲ.

ಹಂತ 1: ಅಗಲದ ಲೆಕ್ಕ

ಇಲ್ಲಿ ಆತುರ ಬೇಡ. ಉಳಿದೆಲ್ಲ ಹಂತಗಳು ಈ ಒಂದು ಲೆಕ್ಕದ ಮೇಲೆ ನಿಂತಿವೆ.

ಕೋಶವನ್ನು ಒಂದು ಉದ್ದನೆಯ ಪಟ್ಟಿ ಎಂದುಕೊಳ್ಳಿ. ಅದರ ಒಂದು ಅಂಚಿನಲ್ಲಿ ಮಾತ್ರ ತಂತಿಯ ಸಂಪರ್ಕವಿದೆ. ಪಟ್ಟಿಯ ಪ್ರತಿ ಬಿಂದುವಿನಲ್ಲೂ ಹುಟ್ಟಿದ ವಿದ್ಯುತ್ತು ಅಂಚಿನ ಕಡೆಗೆ ಅಡ್ಡಲಾಗಿ ಹರಿಯಬೇಕು. ಮಳೆ ಬಿದ್ದ ಇಳಿಜಾರು ಹೊಲದಲ್ಲಿ ನೀರು ಬದುವಿನತ್ತ ಹರಿಯುವಾಗ ಬದು ಸಮೀಪಿಸಿದಷ್ಟೂ ಹರಿವು ಹೆಚ್ಚುವ ಹಾಗೆ, ಇಲ್ಲಿಯೂ ಅಂಚು ಸಮೀಪಿಸಿದಷ್ಟೂ ಪ್ರವಾಹ ಹೆಚ್ಚುತ್ತದೆ. ಈ ಹರಿವಿನಲ್ಲಿ ಶಾಖವಾಗಿ ಕಳೆದುಹೋಗುವ ಶಕ್ತಿಯ ಪಾಲು ಅಂದಾಜು ಹೀಗೆ:

ನಷ್ಟದ ಪಾಲು = (ಪ್ರವಾಹ ಸಾಂದ್ರತೆ × ಹಾಳೆ ರೋಧ × ಅಗಲದ ವರ್ಗ) ÷ (3 × ವೋಲ್ಟೇಜ್)

ಪ್ರವಾಹ ಸಾಂದ್ರತೆ ಪ್ರತಿ ಚದರ ಸೆಂಟಿಮೀಟರ್‌ಗೆ ಆಂಪಿಯರ್‌ಗಳಲ್ಲಿ, ಅಗಲ ಸೆಂಟಿಮೀಟರ್‌ನಲ್ಲಿ, ವೋಲ್ಟೇಜ್ ಗರಿಷ್ಠ ಶಕ್ತಿ ಸಿಗುವ ಬಿಂದುವಿನದು. ಸುಲಭವಾಗಲೆಂದು 10 ಮಿಲಿಆಂಪಿಯರ್, 0.6 ವೋಲ್ಟ್ ಎಂದಿಟ್ಟುಕೊಳ್ಳೋಣ.

60 ಓಮ್‌ನ ಐಟಿಓ ಪಿಇಟಿ ಮೇಲೆ 1 ಸೆಂ.ಮೀ. ಅಗಲದ ಕೋಶ ಮಾಡಿದರೆ ನಷ್ಟ ಸುಮಾರು ಶೇ. 33. ಮೂರರಲ್ಲಿ ಒಂದು ಪಾಲು ಹೋಯಿತು. 15 ಓಮ್‌ನ ಗಾಜಾದರೆ ಶೇ. 8. ಈಗ ಅಗಲವನ್ನು ಅರ್ಧ ಸೆಂಟಿಮೀಟರ್‌ಗೆ ಇಳಿಸಿ, 100 ಓಮ್‌ನ ಪಾಲಿಮರ್ ಪದರ ತೆಗೆದುಕೊಳ್ಳಿ: ನಷ್ಟ ಶೇ. 14. ಅದೇ ಪಟ್ಟಿಯ ಎರಡೂ ಅಂಚಿಗೆ ಬೆಳ್ಳಿಯ ಗೆರೆ ಎಳೆದರೆ ಪ್ರವಾಹ ಕ್ರಮಿಸಬೇಕಾದ ದೂರ ಅರ್ಧವಾಗುತ್ತದೆ, ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಶೇ. 3.5 ಮಾತ್ರ!

ಅಂದರೆ ದುಬಾರಿ ಐಟಿಓ ಹಾಳೆಗಿಂತ, ನಾವೇ ಸುರಿದು ಒಣಗಿಸಿದ 100 ಓಮ್‌ನ ಪದರ, ಸರಿಯಾದ ಅಗಲ ಮತ್ತು ಎರಡು ಬೆಳ್ಳಿ ಗೆರೆಗಳ ಸಹಾಯದಿಂದ, ಒಳ್ಳೆಯ ಫಲ ಕೊಡುತ್ತದೆ. ಒಂದು ಎಚ್ಚರಿಕೆ: ವೈ6 ಜಾತಿಯ ಹೊಸ ವಸ್ತುಗಳಲ್ಲಿ ಪ್ರವಾಹ 20 ಮಿಲಿಆಂಪಿಯರ್ ದಾಟುತ್ತದೆ, ನಷ್ಟವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆಗ ಪಟ್ಟಿಯನ್ನು ಇನ್ನೂ ಕಿರಿದು ಮಾಡಿ.

ಹಂತ 2: ವಸ್ತುವಿನ ಆಯ್ಕೆ

ನಾನು ಸೂಚಿಸುವುದು ಪೆಡಾಟ್–ಪಿಎಸ್‌ಎಸ್ ಎಂಬ ವಾಹಕ ಪಾಲಿಮರ್. ಪ್ಲಾಸ್ಟಿಕ್ ವಿದ್ಯುತ್ ಹರಿಸಬಲ್ಲದು ಎಂದು ತೋರಿಸಿದ್ದಕ್ಕೆ ಹೀಗರ್, ಮ್ಯಾಕ್‌ಡಿಯರ್ಮಿಡ್ ಮತ್ತು ಶಿರಕಾವಾ ಅವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಪೆಡಾಟ್ ಅದೇ ವಂಶದ್ದು. ನೀರಿನಲ್ಲಿ ಹರಡಿಕೊಂಡ ಕಡುನೀಲಿ ದ್ರವವಾಗಿ ಬಾಟಲಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ದರ್ಜೆ ನೋಡಿ ಕೊಳ್ಳಿ. ಪಿಎಚ್1000 ದರ್ಜೆ ವಿದ್ಯುದ್ವಾರಕ್ಕೆ. ಎಐ4083 ಎಂಬುದು ಒಳಗಿನ ತೆಳು ಮಧ್ಯಪದರಕ್ಕೆ ಮಾತ್ರ. ಅದರಲ್ಲಿ ನಿರೋಧಕವಾದ ಪಿಎಸ್‌ಎಸ್ ಪಾಲು ಬಹಳ ಹೆಚ್ಚು, ವಿದ್ಯುದ್ವಾರವಾಗಿ ಅದು ಕೆಲಸಕ್ಕೆ ಬಾರದು. ಎರಡೂ ನೋಡಲು ಒಂದೇ ತರಹದ ನೀಲಿ.

ಹಾಳೆಗೆ 125 ಮೈಕ್ರಾನ್ ದಪ್ಪದ, ಶಾಖಕ್ಕೆ ಹದಗೊಳಿಸಿದ, ಎರಡೂ ಬದಿಗೆ ರಕ್ಷಣಾ ಪೊರೆಯಿರುವ ಪಿಇಟಿ ಕೇಳಿ. ಓವರ್‌ಹೆಡ್ ಪ್ರೊಜೆಕ್ಟರ್ ಹಾಳೆಯೂ ಪಿಇಟಿಯೇ ಇರಬಹುದು, ಆದರೆ ಶಾಯಿ ಹಿಡಿಯಲೆಂದು ಅದಕ್ಕೆ ಲೇಪನ ಹಾಕಿರುತ್ತಾರೆ. ಅದು ಬೇಡ.

ಹಂತ 3: ಕತ್ತರಿಸುವುದು, ತೊಳೆಯುವುದು

ಹೊಸ ಬ್ಲೇಡಿನಿಂದ, ಉಕ್ಕಿನ ಅಳತೆಪಟ್ಟಿ ಇಟ್ಟು, 25 ಮಿ.ಮೀ. ಚೌಕಗಳನ್ನು ಕತ್ತರಿಸಿ. ಕತ್ತರಿಯಿಂದ ಕತ್ತರಿಸಿದರೆ ಅಂಚು ಮುರುಟುತ್ತದೆ, ಆಮೇಲೆ ದ್ರವ ಸಮವಾಗಿ ಹರಡುವುದಿಲ್ಲ. ರಕ್ಷಣಾ ಪೊರೆಯನ್ನು ಕತ್ತರಿಸಿದ ನಂತರವೇ ತೆಗೆಯಿರಿ.

ಪೊರೆ ತೆಗೆಯುವ ಗಳಿಗೆ ನಮ್ಮ ಕಡೆ ವಿಶೇಷ ಗಮನ ಬೇಡುತ್ತದೆ. ಫೆಬ್ರುವರಿಯಿಂದ ಮೇ ತನಕ ಹುಬ್ಬಳ್ಳಿ, ಗದಗ ಸೀಮೆಯ ಮಧ್ಯಾಹ್ನದ ಗಾಳಿ ಒಣಗಿರುತ್ತದೆ. ಪೊರೆಯನ್ನು ಸರ್ರನೆ ಎಳೆದರೆ ಪಿಇಟಿ ಮೇಲೆ ಸ್ಥಿರ ವಿದ್ಯುತ್ತು ಕೂಡುತ್ತದೆ. ಹಾಳೆಯನ್ನು ದೀಪದ ಎದುರು ಓರೆಯಾಗಿ ಹಿಡಿದು ನೋಡಿ: ಮೊದಲು ಇಲ್ಲದ ಸಣ್ಣ ಚುಕ್ಕೆಗಳು ಕಣ್ಣೆದುರೇ ಬಂದು ಅಂಟಿಕೊಳ್ಳುವುದು ಕಾಣುತ್ತದೆ. ಎರೆ ಹೊಲದ ಧೂಳಿನ ಒಂದು ಮೈಕ್ರಾನ್ ಕಣವೆಂದರೆ 100 ನ್ಯಾನೋಮೀಟರ್ ಪದರಕ್ಕೆ ಹತ್ತು ಪಟ್ಟು ಎತ್ತರದ ಗುಡ್ಡ. ಹಿಂದಿನ ಲೋಹ ಅದರ ಮೂಲಕವೇ ಮುಂದಿನ ವಿದ್ಯುದ್ವಾರವನ್ನು ಮುಟ್ಟಿ ಕೋಶ ಶಾರ್ಟ್ ಆಗುತ್ತದೆ. ಆದ್ದರಿಂದ ಫ್ಯಾನ್ ನಿಲ್ಲಿಸಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೊರೆಯನ್ನು ನಿಧಾನವಾಗಿ ಸುಲಿದು ಹಾಳೆಯನ್ನು ನೇರವಾಗಿ ಸಾಬೂನು ನೀರಿಗೇ ಇಳಿಸಿ. ನೀರಿನೊಳಗೆ ಸ್ಥಿರ ವಿದ್ಯುತ್ತು ನಿಲ್ಲುವುದಿಲ್ಲ.

ಪ್ರಯೋಗಾಲಯದ ಡಿಟರ್ಜೆಂಟ್ ಬೆರೆಸಿದ ನೀರು, ಆಮೇಲೆ ಅಯಾನುರಹಿತ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್: ಒಂದೊಂದರಲ್ಲೂ ಹತ್ತು ನಿಮಿಷ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಡಿ. ಕೊಳವೆಬಾವಿಯ ನೀರನ್ನು ಯಾವ ಹಂತದಲ್ಲೂ ಬಳಸಬೇಡಿ. ಗಡಸು ನೀರು ಒಣಗಿದ ಕಡೆ ಬಿಳಿ ಉಪ್ಪಿನ ಉಂಗುರ ಉಳಿಯುತ್ತದೆ. ಗಾಜನ್ನು ತೊಳೆಯುವಂತೆ ಅಸಿಟೋನ್ ಸುರಿಯುವ ಅಭ್ಯಾಸವನ್ನೂ ಇಲ್ಲಿ ಬಿಡಿ, ಕೆಲವು ಪ್ಲಾಸ್ಟಿಕ್ ಹಾಳೆಗಳ ಮೇಲ್ಮೈ ಅದರಿಂದ ಮಸುಕಾಗುತ್ತದೆ. ಸೋಸಿದ ಗಾಳಿ ಅಥವಾ ನೈಟ್ರೋಜನ್ ಊದಿ, 80 ಡಿಗ್ರಿಯಲ್ಲಿ ಹತ್ತು ನಿಮಿಷ ಒಣಗಿಸಿ.

ಹಂತ 4: ಮೇಲ್ಮೈಗೆ ನೀರು ಹಿಡಿಯುವ ಗುಣ

ಶುದ್ಧ ಪಿಇಟಿ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತದೆ. ನಮ್ಮ ಶಾಯಿಯೂ, ಅಂದರೆ ಪೆಡಾಟ್ ದ್ರವವೂ, ನೀರಿನದೇ. ಯುವಿ ಓಝೋನ್ ಪೆಟ್ಟಿಗೆಯಿದ್ದರೆ 10–15 ನಿಮಿಷ, ಆಮ್ಲಜನಕದ ಪ್ಲಾಸ್ಮಾ ಇದ್ದರೆ ಒಂದೆರಡು ನಿಮಿಷ ಸಾಕು. ಆ ನಂತರ ಒಂದು ಬಿಡಿ ತುಂಡಿನ ಮೇಲೆ ನೀರಿನ ಹನಿ ಬಿಟ್ಟು ನೋಡಿ. ಹನಿ ಚಪ್ಪಟೆಯಾಗಿ ಹರಡಿದರೆ ಮುಂದುವರಿಯಿರಿ. ಈ ಗುಣ ಹೊತ್ತು ಕಳೆದಂತೆ ಕುಗ್ಗುತ್ತದೆ, ಹಾಗಾಗಿ ಅರ್ಧ ಗಂಟೆಯೊಳಗೆ ಲೇಪನ ಮುಗಿಸಿ. ದೀಪ ಉರಿಯುವಾಗ ಪೆಟ್ಟಿಗೆ ತೆರೆಯಬೇಡಿ, ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯ.

ಹಂತ 5: ಶಾಯಿ

ಪಿಎಚ್1000 ಬಾಟಲಿಯನ್ನು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಹೆಪ್ಪುಗಟ್ಟಿದರೆ ಒಳಗಿನ ಕಣಗಳು ಗಂಟುಗಟ್ಟುತ್ತವೆ, ಮತ್ತೆ ಕರಗಿಸಿದರೂ ಸರಿಹೋಗುವುದಿಲ್ಲ. ಬಳಸುವ ಮುನ್ನ ಕೋಣೆಯ ಉಷ್ಣತೆಗೆ ಬರಲು ಬಿಡಿ.

ಇದನ್ನು ಹಾಗೆಯೇ ಲೇಪಿಸಿದರೆ ವಾಹಕತೆ ಪ್ರತಿ ಸೆಂಟಿಮೀಟರ್‌ಗೆ ಒಂದು ಸೀಮೆನ್ಸ್ ಕೂಡ ಇರುವುದಿಲ್ಲ. ನೂರಕ್ಕೆ ಐದರಷ್ಟು ಡೈಮೀಥೈಲ್ ಸಲ್ಫಾಕ್ಸೈಡ್ ಅಥವಾ ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಅದು 800–900ರ ಸುಮಾರಿಗೆ ಜಿಗಿಯುತ್ತದೆ. ಈ ದ್ರಾವಕ ಪೆಡಾಟ್ ಮತ್ತು ಪಿಎಸ್‌ಎಸ್ ಸರಪಳಿಗಳನ್ನು ಒಂದಕ್ಕೊಂದು ಬಿಡಿಸಿ, ಪೆಡಾಟ್ ಭಾಗಗಳು ಪರಸ್ಪರ ತಾಗುವಂತೆ ಮರುಜೋಡಿಸುತ್ತದೆ. ಒಟ್ಟು 10 ಮಿಲಿಲೀಟರ್ ಶಾಯಿಗೆ 9.5 ಮಿ.ಲೀ. ಪಿಎಚ್1000, 0.5 ಮಿ.ಲೀ. ಡೈಮೀಥೈಲ್ ಸಲ್ಫಾಕ್ಸೈಡ್ ಹಾಕಿ ಅರ್ಧ ಗಂಟೆ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಕಲಕಿ. ಗಾಳಿಗುಳ್ಳೆ ಏಳದಂತೆ ನಿಧಾನವಾಗಿ. ಯುವಿ ಓಝೋನ್ ಸೌಲಭ್ಯ ಇಲ್ಲದಿದ್ದರೆ ನೂರಕ್ಕೆ 0.1–0.5ರಷ್ಟು ಫ್ಲೂರಿನ್‌ಯುಕ್ತ ಸರ್ಫ್ಯಾಕ್ಟಂಟ್ ಸೇರಿಸಿ, ಶಾಯಿ ತಾನೇ ಹರಡುತ್ತದೆ. ಡೈಮೀಥೈಲ್ ಸಲ್ಫಾಕ್ಸೈಡ್ ಚರ್ಮದ ಮೂಲಕ ಸುಲಭವಾಗಿ ಒಳಹೋಗುತ್ತದೆ, ತನ್ನ ಜೊತೆ ಬೇರೆ ರಾಸಾಯನಿಕಗಳನ್ನೂ ಒಯ್ಯುತ್ತದೆ. ನೈಟ್ರೈಲ್ ಕೈಗವಸು ಕಡ್ಡಾಯ.

ಕೊನೆಗೆ 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ. ಫಿಲ್ಟರ್ ದುಬಾರಿ ಎಂದು ಒಂದನ್ನೇ ಮತ್ತೆ ಮತ್ತೆ ಬಳಸುವುದನ್ನು ನೋಡಿದ್ದೇನೆ. ಒಂದು ಫಿಲ್ಟರ್ ಉಳಿಸಲು ಹೋಗಿ ಹತ್ತು ಕೋಶ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಹಂತ 6: ಲೇಪನ ಮತ್ತು ಶಾಖ

ಪಿಇಟಿಯನ್ನು ನೇರವಾಗಿ ಸ್ಪಿನ್ ಕೋಟರ್‌ನ ನಿರ್ವಾತ ಪೀಠದ ಮೇಲಿಟ್ಟರೆ ನಡುವೆ ಹೀರಿಕೊಂಡು ಕುಳಿ ಬೀಳುತ್ತದೆ, ಪದರದಲ್ಲಿ ಬಣ್ಣದ ಬಳೆ ಮೂಡುತ್ತದೆ. ಗಾಜಿನ ಸ್ಲೈಡ್ ಮೇಲೆ ತೆಳು ಸಿಲಿಕೋನ್ ರಬ್ಬರ್ ಪದರ ಹಾಕಿ ಅದರ ಮೇಲೆ ಪಿಇಟಿಯನ್ನು ಒತ್ತಿ. ಅಂಟಿಲ್ಲದೆಯೇ ಹಿಡಿದುಕೊಳ್ಳುತ್ತದೆ, ಆಮೇಲೆ ಸುಲಭವಾಗಿ ಬಿಡುತ್ತದೆ. ಅದು ಸಿಗದಿದ್ದರೆ ನಾಲ್ಕು ಮೂಲೆಗೆ ಶಾಖ ತಾಳುವ ಪಾಲಿಇಮೈಡ್ ಟೇಪ್ ಸಾಕು.

0.3–0.4 ಮಿ.ಲೀ. ಶಾಯಿಯನ್ನು ಇಡೀ ಚೌಕ ತುಂಬುವಂತೆ ಹರಡಿ, ನಿಮಿಷಕ್ಕೆ 1500 ಸುತ್ತಿನಲ್ಲಿ ಒಂದು ನಿಮಿಷ ತಿರುಗಿಸಿ. ಪದರ ಇನ್ನೂ ಹಸಿಯಿರುವಾಗಲೇ ಹಿಂದಿನ ವಿದ್ಯುದ್ವಾರದ ಸಂಪರ್ಕ ಬರಬೇಕಾದ ಅಂಚಿನಲ್ಲಿ, ನೀರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ ತೆಗೆಯಿರಿ. ಒಣಗಿದ ಮೇಲೆ ಈ ಕೆಲಸ ಕಷ್ಟ. ನಂತರ ಹಾಟ್‌ಪ್ಲೇಟ್ ಮೇಲೆ 120 ಡಿಗ್ರಿಯಲ್ಲಿ 15 ನಿಮಿಷ. ಸಾಮಾನ್ಯ ಪಿಇಟಿಯಾಗಿದ್ದರೆ 100 ಡಿಗ್ರಿಗೆ ನಿಲ್ಲಿಸಿ, ಹೊತ್ತು ಹೆಚ್ಚಿಸಿ. ಇಲ್ಲದಿದ್ದರೆ ಹಾಳೆ ಸುರುಳಿಯಾಗುತ್ತದೆ. ಹಾಟ್‌ಪ್ಲೇಟ್‌ನ ಅಂಕಿಯನ್ನು ನಂಬದೆ, ಗಾಜಿನ ಮೇಲೆಯೇ ಒಂದು ಥರ್ಮೋಕಪಲ್ ಇಟ್ಟು ಅಳೆಯಿರಿ.

ವಾಹಕತೆ 800 ಇದ್ದು ದಪ್ಪ 100 ನ್ಯಾನೋಮೀಟರ್ ಆದರೆ ಹಾಳೆ ರೋಧ 125 ಓಮ್ ಬರಬೇಕು. ಇನ್ನೊಂದು ಪದರ ಹಾಕಿದರೆ 60ರ ಸಮೀಪ. ಮೂರನೆಯ ಪದರ ನನಗೆ ಇಷ್ಟವಿಲ್ಲ. ಪೆಡಾಟ್ ಕೆಂಪು ಬೆಳಕನ್ನು ಹೀರುತ್ತದೆ, ಪದರ ಏರಿದಂತೆ ಹಾಳೆಗೆ ನೀಲಿ ಛಾಯೆ ದಟ್ಟವಾಗುತ್ತದೆ. ಅಗಲ ಕಿರಿದಾಗಿಸಿ ಗಳಿಸಬಹುದಾದದ್ದನ್ನು ಬೆಳಕು ಕಳೆದುಕೊಂಡು ಗಳಿಸುವುದು ಬೇಡ.

ಒಣಗಿ ತಣ್ಣಗಾದ ಪದರದ ಮೇಲೆ ಮೆಥನಾಲ್ ಹನಿಸಿ, ಮತ್ತೆ ತಿರುಗಿಸಿ ಒಣಗಿಸಿದರೆ ಮೇಲಿನ ಹೆಚ್ಚುವರಿ ಪಿಎಸ್‌ಎಸ್ ತೊಳೆದುಹೋಗಿ ರೋಧ ಇನ್ನಷ್ಟು ಇಳಿಯುತ್ತದೆ. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವಂಥದ್ದು. ಹೊಗೆಗೂಡಿನ ಒಳಗೇ ಮಾಡಿ. ಗಂಧಕಾಮ್ಲದಿಂದ ತೊಳೆದು ವಾಹಕತೆಯನ್ನು ಹಲವು ಪಟ್ಟು ಏರಿಸುವ ವಿಧಾನವೂ ಉಂಟು. ಗಾಜಿನ ಮೇಲೆ ಅದು ಸರಿ, ಪಿಇಟಿ ಮೇಲೆ ಬೇಡ.

ಹಂತ 7: ಅಳೆಯದೆ ಮುಂದೆ ಹೋಗಬೇಡಿ

ಜರ್ಮೇನಿಯಂ ಹರಳಿನ ಶಕ್ತಿ ಅಂತರ ಅಳೆಯುವ ನಾಲ್ಕು ಸೂಜಿಗಳ ಪ್ರಯೋಗ ನಮ್ಮ ಭೌತಶಾಸ್ತ್ರ ವಿಭಾಗಗಳಿಗೆ ಹೊಸದಲ್ಲ. ಅದೇ ಉಪಕರಣ ಇಲ್ಲಿಗೂ ಆಗುತ್ತದೆ. ಆದರೆ ಅದರ ಕೈಪಿಡಿಯಲ್ಲಿರುವ ಸೂತ್ರ ದಪ್ಪ ಹರಳಿಗೆ ಬರೆದದ್ದು, ಅದನ್ನು ಬಿಡಿ. ತೆಳುಪದರಕ್ಕೆ ಸೂತ್ರ ಸರಳ:

ಹಾಳೆ ರೋಧ = 4.53 × (ಒಳಗಿನ ಎರಡು ಸೂಜಿಗಳ ನಡುವಿನ ವೋಲ್ಟೇಜ್ ÷ ಹೊರಗಿನ ಎರಡು ಸೂಜಿಗಳ ಮೂಲಕ ಹರಿಸಿದ ಪ್ರವಾಹ)

1 ಮಿಲಿಆಂಪಿಯರ್ ಹರಿಸಿದಾಗ 22 ಮಿಲಿವೋಲ್ಟ್ ತೋರಿದರೆ ಹಾಳೆ ರೋಧ ಸುಮಾರು 100 ಓಮ್. 4.53 ಎಂಬುದು ಅನಂತ ವಿಸ್ತಾರದ ಹಾಳೆಗೆ ಸರಿಯಾದ ಅಂಕಿ. ಸೂಜಿಗಳ ಅಂತರ 2 ಮಿ.ಮೀ. ಇದ್ದು, 25 ಮಿ.ಮೀ. ಚೌಕದ ನಡುಮಧ್ಯದಲ್ಲಿ ಅಳೆದರೆ ನಿಜವಾದ ಗುಣಕ ಶೇ. 5ರಷ್ಟು ಕಡಿಮೆ. ನಮ್ಮ ಕೆಲಸಕ್ಕೆ ಆ ವ್ಯತ್ಯಾಸ ನಡೆಯುತ್ತದೆ, ಅಂಚಿನ ಹತ್ತಿರ ಅಳೆದರೆ ಮಾತ್ರ ನಡೆಯುವುದಿಲ್ಲ. ಸೂಜಿಗಳನ್ನು ಹಗುರವಾಗಿ ಇಳಿಸಿ. ಹರಳಿಗೆ ಒತ್ತಿದಂತೆ ಒತ್ತಿದರೆ ಮೆದು ಪದರ ತೂತಾಗುತ್ತದೆ. ಪ್ರವಾಹವನ್ನು ತಿರುಗುಮುರುಗು ಮಾಡಿ ಎರಡೂ ಸಲದ ಸರಾಸರಿ ತೆಗೆದುಕೊಳ್ಳಿ.

ಬೆಳಕು ದಾಟುವ ಪ್ರಮಾಣವನ್ನು ರಸಾಯನಶಾಸ್ತ್ರ ವಿಭಾಗದ ಯುವಿ–ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 400ರಿಂದ 800 ನ್ಯಾನೋಮೀಟರ್ ತನಕ ಅಳೆಯಿರಿ. ಬರಿಯ ಪಿಇಟಿ ಹಾಳೆಯೇ ಪ್ರತಿಫಲನದಿಂದ ಸುಮಾರು ಶೇ. 10ರಷ್ಟು ಬೆಳಕು ಕಳೆಯುತ್ತದೆ. ಹೋಲಿಕೆಗೆ ಇಟ್ಟದ್ದು ಗಾಳಿಯೋ ಬರಿಯ ಪಿಇಟಿಯೋ ಎಂಬುದನ್ನು ಬರೆದಿಡದಿದ್ದರೆ ನಿಮ್ಮ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ಪದರದ ಉಬ್ಬುತಗ್ಗು ನೋಡುವಂಥ ಸೂಕ್ಷ್ಮ ಅಳತೆಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರವನ್ನು ವಿಚಾರಿಸಿ.

ವಿದ್ಯುದ್ವಾರಗಳನ್ನು ಹೋಲಿಸಲು ಹಾಕೆ ಎಂಬುವರು 1976ರಲ್ಲಿ ಕೊಟ್ಟ ಅಂಕವನ್ನು ಬಹಳ ಮಂದಿ ಬಳಸುತ್ತಾರೆ: ಬೆಳಕು ದಾಟುವ ಪಾಲಿನ ಹತ್ತನೆಯ ಘಾತವನ್ನು ಹಾಳೆ ರೋಧದಿಂದ ಭಾಗಿಸುವುದು. ಶೇ. 88 ಬೆಳಕು ಬಿಡುವ 100 ಓಮ್ ಪೆಡಾಟ್‌ಗೆ 0.0028, ಶೇ. 85 ಬಿಡುವ 50 ಓಮ್ ಐಟಿಓ ಪಿಇಟಿಗೆ 0.0039. ಈ ಅಂಕದ ಪ್ರಕಾರ ಐಟಿಓ ಗೆದ್ದಿತು. ಆದರೆ ಕೋಶದ ಅಗಲವಾಗಲೀ ಹಾಳೆ ಬಾಗಬೇಕೆಂಬುದಾಗಲೀ ಈ ಸೂತ್ರಕ್ಕೆ ಗೊತ್ತಿಲ್ಲ. ಪ್ರಬಂಧದಲ್ಲಿ ಬರೆಯಿರಿ, ಆಯ್ಕೆಯನ್ನು ಮಾತ್ರ ಹಂತ 1ರ ಲೆಕ್ಕಕ್ಕೆ ಬಿಡಿ.

ಹಂತ 8: ಬಾಗಿಸಿ ನೋಡುವುದು

ಹಾಳೆಯನ್ನು ಬಾಗಿಸಿದಾಗ ಹೊರಮೈ ಹಿಗ್ಗುವ ಪ್ರಮಾಣ = ಹಾಳೆಯ ದಪ್ಪ ÷ (2 × ಬಾಗಿನ ತ್ರಿಜ್ಯ). 125 ಮೈಕ್ರಾನ್ ಹಾಳೆಯನ್ನು 10 ಮಿ.ಮೀ. ವ್ಯಾಸದ ಉಕ್ಕಿನ ಸರಳಿಗೆ ಸುತ್ತಿದರೆ ಶೇ. 1.25. ಐಟಿಓ ಬಿರುಕು ಬಿಡುವ ವಲಯವೇ ಇದು. 50 ಮೈಕ್ರಾನ್ ಹಾಳೆಯಾದರೆ ಅದೇ ಸರಳಿನ ಮೇಲೆ ಶೇ. 0.5 ಮಾತ್ರ. ಹಾಳೆ ತೆಳುವಾದಷ್ಟೂ ಪದರಕ್ಕೆ ಬೀಳುವ ಎಳೆತ ಕಡಿಮೆ.

ಲೇಪನ ಹೊರಮುಖವಾಗಿ ಒಮ್ಮೆ, ಒಳಮುಖವಾಗಿ ಒಮ್ಮೆ ಸುತ್ತಿ. ಮೊದಲಿಗೆ, ನೂರು ಸಲ ಬಾಗಿಸಿದ ಮೇಲೆ, ಸಾವಿರ ಸಲ ಬಾಗಿಸಿದ ಮೇಲೆ ರೋಧ ಅಳೆದು ಬರೆಯಿರಿ. ಪೆಡಾಟ್ ಇದನ್ನು ಸುಲಭವಾಗಿ ತಾಳುತ್ತದೆ. ರೋಧ ಏರಿತೆಂದರೆ ಪದರ ಬಿರಿದಿದೆ ಎನ್ನುವುದಕ್ಕಿಂತ ಪಿಇಟಿಯಿಂದ ಬಿಟ್ಟುಬಂದಿದೆ ಎಂದು ಸಂಶಯಿಸಿ, ಹಂತ 3 ಮತ್ತು 4ಕ್ಕೆ ಹಿಂದಿರುಗಿ.

ಹಂತ 9: ಬೆಳ್ಳಿ ಗೆರೆ

ಬೆಳ್ಳಿಯ ಜಾಲರಿಯನ್ನು ಪೆಡಾಟ್‌ನ ಕೆಳಗೆ ಅಚ್ಚು ಹಾಕಿ ಅದರ ಮೇಲೆ ಇಡೀ ಕೋಶ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಅಚ್ಚು ಹಾಕಿದ ಪೇಸ್ಟ್‌ನ ಎತ್ತರ ಹಲವು ಮೈಕ್ರಾನ್, ಬೆಳಕು ಹೀರುವ ನಮ್ಮ ಕ್ರಿಯಾಶೀಲ ಪದರ 0.2 ಮೈಕ್ರಾನ್. ಗೆರೆಯ ಅಂಚುಗಳು ಪದರವನ್ನು ಸೀಳಿ ಮೇಲೆ ಬರುತ್ತವೆ. ಆದ್ದರಿಂದ ಕೋಶದ ಎರಡು ಬದಿಗೆ ಮಾತ್ರ, ಕೊನೆಯಲ್ಲಿ, ಗೆರೆ ಎಳೆಯಿರಿ. ಕ್ರಿಯಾಶೀಲ ಪದರ ಹಾಕಿದ ಮೇಲೆ ಅಂಚನ್ನು ಅದರ ದ್ರಾವಕದಲ್ಲಿ ಅದ್ದಿದ ಕಡ್ಡಿಯಿಂದ ಒರೆಸಿ. ಪಿ3ಎಚ್‌ಟಿ–ಪಿಸಿಬಿಎಂ ಎಂಬ ಕ್ರಿಯಾಶೀಲ ಪದರದ ಮಿಶ್ರಣಕ್ಕೆ ಕ್ಲೋರೋಬೆಂಝೀನ್ ಸರಿ, ಪೆಡಾಟ್ ಅದರಲ್ಲಿ ಕರಗದೆ ಉಳಿಯುತ್ತದೆ. ಹೀಗೆ ಬಯಲಾದ ಪೆಡಾಟ್ ಮೇಲೆ ಗಾಳಿಗೆ ಒಣಗುವ ಬೆಳ್ಳಿ ಪೇಸ್ಟ್‌ನಿಂದ 1 ಮಿ.ಮೀ. ಗೆರೆ. ಹಿಂದಿನ ಲೋಹಕ್ಕೂ ಗೆರೆಗೂ ಅರ್ಧ ಮಿ.ಮೀ.ಗಿಂತ ಕಡಿಮೆ ಅಂತರ ಬೇಡ. ಅಲ್ಯೂಮಿನಿಯಂ ಗೆರೆ ಹಾಕಬೇಡಿ. ಪೆಡಾಟ್‌ನ ಆಮ್ಲೀಯ ಗುಣ ಅದನ್ನು ಕೊರೆಯುತ್ತದೆ.

ಹಲವು ತುಂಡುಗಳಿಗೆ ಒಂದೇ ಅಳತೆ ಬೇಕಿದ್ದರೆ ಸ್ಕ್ರೀನ್ ಪ್ರಿಂಟಿಂಗ್ ಒಳ್ಳೆಯದು. ಮದುವೆ ಪತ್ರಿಕೆ, ಲೇಬಲ್ ಅಚ್ಚು ಹಾಕುವವರು ನಿಮ್ಮ ಚಿತ್ರಕ್ಕೆ ತಕ್ಕ ಜಾಲರಿ ಚೌಕಟ್ಟು ಮಾಡಿಕೊಡಬಲ್ಲರು. ಗದಗ ಮುದ್ರಣಕ್ಕೆ ಹೆಸರಾದ ಊರು, ಹುಬ್ಬಳ್ಳಿಯಲ್ಲೂ ಇಂಥ ಅಂಗಡಿಗಳಿಗೆ ಕೊರತೆಯಿಲ್ಲ. ಪೇಸ್ಟ್‌ನಲ್ಲಿ ಯಾವ ದ್ರಾವಕವಿದೆ ಎಂದು ಮೊದಲೇ ಹೇಳಿ, ಅದಕ್ಕೆ ತಾಳುವ ಎಮಲ್ಷನ್ ಹಾಕಿಸಿ.

ಗೆರೆ ಸರಿಯಾಗಿದೆಯೇ ಎಂದು ತಿಳಿಯಲು ಬರಿಯ ಪೆಡಾಟ್ ಇರುವ ಒಂದು ಪರೀಕ್ಷಾ ತುಂಡಿನ ಮೇಲೆ 15 ಮಿ.ಮೀ. ಉದ್ದದ ಎರಡು ಗೆರೆಗಳನ್ನು 5 ಮಿ.ಮೀ. ಅಂತರದಲ್ಲಿ ಎಳೆಯಿರಿ. ಹಾಳೆ ರೋಧ 100 ಓಮ್ ಇದ್ದರೆ ಮಲ್ಟಿಮೀಟರ್ ಸುಮಾರು 33 ಓಮ್ ತೋರಬೇಕು. 60 ತೋರಿದರೆ ಪದರ ಕೆಟ್ಟಿಲ್ಲ, ಬೆಳ್ಳಿ ಮತ್ತು ಪೆಡಾಟ್ ನಡುವಿನ ಸಂಪರ್ಕ ಕೆಟ್ಟಿದೆ.

ಬೇರೆ ಎರಡು ದಾರಿಗಳು

ಬೆಳ್ಳಿ ನ್ಯಾನೋತಂತಿಗಳು 10–30 ಓಮ್‌ನಲ್ಲಿ ಶೇ. 85–90 ಬೆಳಕು ಬಿಡಬಲ್ಲವು, ಅಂಕಿಗಳು ಆಕರ್ಷಕ. ಎಥಿಲೀನ್ ಗ್ಲೈಕಾಲ್‌ನಲ್ಲಿ ಸಿಲ್ವರ್ ನೈಟ್ರೇಟನ್ನು ಪಿವಿಪಿ ಪಾಲಿಮರ್ ಜೊತೆ 150–160 ಡಿಗ್ರಿಯಲ್ಲಿ ಕಾಯಿಸಿ ಇವನ್ನು ಬೆಳೆಸುತ್ತಾರೆ, ತಂತಿ ಸುತ್ತಿದ ಸರಳಿನಿಂದ ಎಳೆದು ಹರಡುತ್ತಾರೆ. ತೊಂದರೆಯೆಂದರೆ ತಂತಿಗಳು ಒಂದರ ಮೇಲೊಂದು ಅಡ್ಡಬಿದ್ದ ಕಡೆ ಗಂಟು ಎದ್ದು ಕೋಶವನ್ನು ಶಾರ್ಟ್ ಮಾಡುತ್ತವೆ. ಮೇಲೆ ಪೆಡಾಟ್ ಪದರ ಹಾಕಿ ಅವನ್ನು ಹೂಳಬೇಕು. ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಆದ್ದರಿಂದ ಇಂಥ ಹಾಳೆಗಳ ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನಲ್ಲಿ ಗಂಧಕವಿರುತ್ತದೆ. ಪೆಡಾಟ್ ಕೈಗೂಡಿದ ಮೇಲೆ ಇದಕ್ಕೆ ಬನ್ನಿ.

ನಿರ್ವಾತ ಬಾಷ್ಪೀಕರಣ ಯಂತ್ರ ಇದ್ದವರಿಗೆ ಆಕ್ಸೈಡ್–ಬೆಳ್ಳಿ–ಆಕ್ಸೈಡ್ ಎಂಬ ಮೂರು ಪದರಗಳ ದಾರಿಯೂ ಇದೆ. ಮೊಲಿಬ್ಡಿನಂ ಆಕ್ಸೈಡ್‌ಗಳ ನಡುವೆ ಸುಮಾರು 10 ನ್ಯಾನೋಮೀಟರ್ ಬೆಳ್ಳಿ. ಅದಕ್ಕಿಂತ ಬಹಳ ತೆಳುವಾದರೆ ಬೆಳ್ಳಿ ಬಿಡಿ ದ್ವೀಪಗಳಾಗಿ ಉಳಿದು ವಿದ್ಯುತ್ ಹರಿಯುವುದೇ ಇಲ್ಲ, ದಪ್ಪವಾದರೆ ಕನ್ನಡಿಯಾಗುತ್ತದೆ. ದಪ್ಪ ಅಳೆಯುವ ಕ್ವಾರ್ಟ್ಝ್ ಹರಳು ಸರಿಯಾಗಿಲ್ಲದ ಯಂತ್ರದಲ್ಲಿ ಇದಕ್ಕೆ ಕೈ ಹಾಕಬೇಡಿ.

ಮಳೆಗಾಲ

ಪೆಡಾಟ್–ಪಿಎಸ್‌ಎಸ್ ತೇವ ಹೀರುವ ವಸ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೇಜಿನ ಮೇಲೆ ಬಿಟ್ಟ ಹಾಳೆಯ ರೋಧ ದಿನದಿಂದ ದಿನಕ್ಕೆ ಬದಲಾಗುತ್ತದೆ. ಕೋಣೆಯಲ್ಲಿ ಅಗ್ಗದ ಆರ್ದ್ರತಾ ಮಾಪಕವೊಂದನ್ನು ತೂಗುಹಾಕಿ, ಶೇ. 50ಕ್ಕಿಂತ ಹೆಚ್ಚಿರುವ ದಿನ ಲೇಪನ ಮಾಡದಿರುವುದು ಲೇಸು. ಮಾಡಲೇಬೇಕಾದರೆ ಆ ಅಂಕಿಯನ್ನೂ ದಾಖಲಿಸಿ. ಹಾಳೆಗಳನ್ನು ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್‌ನಲ್ಲಿಡಿ, ಜೆಲ್ ಬಣ್ಣ ಬದಲಿಸಿದರೆ ಕಾಯಿಸಿ ಒಣಗಿಸಿ. ಕೋಶ ಕಟ್ಟುವ ಮುನ್ನ 110 ಡಿಗ್ರಿಯಲ್ಲಿ ಐದು ನಿಮಿಷ ಮತ್ತೆ ಒಣಗಿಸಿ, ಮತ್ತೊಮ್ಮೆ ರೋಧ ಅಳೆಯಿರಿ.

ಮೊದಲ ಕೋಶ ಹೇಳುವುದನ್ನು ಓದುವುದು

ಮೊದಲ ಸಲವೇ ಒಂದು ದೊಡ್ಡ ಕೋಶ ಮಾಡಬೇಡಿ. ಒಂದೇ ಹಾಳೆಯ ಮೇಲೆ ಹಿಂದಿನ ಲೋಹವನ್ನು 2 ಮಿ.ಮೀ. ಬದಿಯ ಹಲವು ಸಣ್ಣ ಚೌಕಗಳಾಗಿ ಹಾಕಿ. ಕೆಲವು ಶಾರ್ಟ್ ಆದರೂ ಉಳಿದವು ಮಾತನಾಡುತ್ತವೆ. ಕತ್ತಲಲ್ಲಿ –1ರಿಂದ +1 ವೋಲ್ಟ್ ತನಕ ಪ್ರವಾಹ ಅಳೆಯಿರಿ. ಪ್ರವಾಹ–ವೋಲ್ಟೇಜ್ ನಕ್ಷೆಯ ಗೆರೆ ನೇರವಾಗಿ ಸೊನ್ನೆಯ ಮೂಲಕ ಹಾದುಹೋದರೆ ಅದು ಶಾರ್ಟ್. ಶಾರ್ಟ್ ಆದ ಚೌಕಗಳು ಹಾಳೆಯಲ್ಲಿ ಎಲ್ಲೆಲ್ಲಿವೆ ಎಂದು ಗುರುತು ಮಾಡಿ. ಅಂಚಿನಲ್ಲಿ ಗುಂಪಾಗಿದ್ದರೆ ಕತ್ತರಿಸುವಾಗಿನ ದೋಷ, ಎಲ್ಲೆಂದರಲ್ಲಿ ಚದುರಿದ್ದರೆ ಧೂಳು ಅಥವಾ ಸರಿಯಾಗಿ ಸೋಸದ ಶಾಯಿ.

ಕತ್ತಲಲ್ಲಿ ಡಯೋಡ್‌ನಂತೆ ನಡೆದುಕೊಂಡ ಚೌಕವನ್ನು ಬೆಳಕಿಗೆ ಹಿಡಿಯಿರಿ. ಅದೇ ನಕ್ಷೆಯ ವಕ್ರರೇಖೆ, ಪ್ರವಾಹ ಸೊನ್ನೆಯಾಗುವ ಬಿಂದುವಿನ ಬಳಿ ಓರೆಯಾಗಿ ಮಲಗಿದ್ದರೆ ಸರಣಿ ರೋಧ ಹೆಚ್ಚಾಗಿದೆ. ಅದೇ ಹಾಳೆಯಲ್ಲಿ ಬೆಳ್ಳಿ ಗೆರೆಗೆ ಹತ್ತಿರದ ಚೌಕವನ್ನೂ ದೂರದ ಚೌಕವನ್ನೂ ಹೋಲಿಸಿ. ದೂರದ್ದು ಹೆಚ್ಚು ಮಲಗಿದ್ದರೆ ಹಾಳೆ ರೋಧವೇ ಕಾರಣ, ಎರಡೂ ಸಮನಾಗಿ ಮಲಗಿದ್ದರೆ ಸಂಪರ್ಕಗಳನ್ನು ಪರೀಕ್ಷಿಸಿ. ವಕ್ರರೇಖೆ ನಡುವೆ ಹಾವಿನಂತೆ ಎರಡು ಕಡೆ ಬಾಗಿದ್ದರೆ ದೋಷ ರೋಧದ್ದಲ್ಲ, ಪೆಡಾಟ್ ಮತ್ತು ಕ್ರಿಯಾಶೀಲ ಪದರದ ನಡುವೆ ವಿದ್ಯುದಾವೇಶ ದಾಟಲು ಅಡ್ಡಗೋಡೆಯಿದೆ. ಕೋಶವನ್ನು ತಲೆಕೆಳಗಾದ ರಚನೆಯಲ್ಲಿ, ಅಂದರೆ ಪೆಡಾಟ್ ಎಲೆಕ್ಟ್ರಾನುಗಳನ್ನು ಪಡೆಯುವಂತೆ ಕಟ್ಟಿದ್ದರೆ, ಪೆಡಾಟ್ ಮೇಲಿನ ಝಿಂಕ್ ಆಕ್ಸೈಡ್ ಅಥವಾ ಪಾಲಿಎಥಿಲೀನಿಮೈನ್ ಮಧ್ಯಪದರವನ್ನು ಮೊದಲು ಬದಲಿಸಿ ನೋಡಿ. ವಿದ್ಯುದ್ವಾರದ ದಪ್ಪವನ್ನು ಆಗ ಮುಟ್ಟಬೇಡಿ.